ಎರಡು ಸೀಟಿನ ಕೆಂಪು ಕಾರು

ವರಲಕ್ಷ್ಮಮ್ಮನನ್ನು ಶ್ರೀನಿವಾಸಪ್ಪ ಮದುವೆಯಾದದ್ದನ್ನು ಕೋದಂಡಪ್ಪ ಹೇಗೋ ನುಂಗಿಕೊಂಡಿದ್ದ. ಅದೇ ಶ್ರೀನಿವಾಸಪ್ಪ ಚಿನ್ನದ ಗಣಿಗಳಿಗೆ ಮರದ ದಿಮ್ಮಿ ಒದಗಿಸುವ ಕಂಟ್ರಾಕ್ಟು ಹಿಡಿದು ಬಂಗಾರಪೇಟೆಯಲ್ಲಿ ಮಹಡಿ ಮನೆ ಕಟ್ಟಿಸಿದ್ದನ್ನೂ ನುಂಗಿಕೊಂಡಿದ್ದ. ಆದರೆ ಟ್ರೆವರ್ ದೊರೆಯ ಕೆಂಪು ಕಾರನ್ನೂ ಅವನೇ ಕೊಳ್ಳುತ್ತಾನೆಂಬ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಇಬ್ಬರೂ ಕಾಮಸಮುದ್ರದ ಒಂದೇ ಕೇರಿಯಲ್ಲಿ ಬೆಳೆದವರು. ವರಲಕ್ಷ್ಮಮ್ಮನೂ ಅದೇ ಕೇರಿಯವಳು. ಅವಳು ಕೋದಂಡಪ್ಪನಿಗೇ ಎಂದು ಹೆಂಗಸರು ಬಾವಿಯ ಹತ್ತಿರ ಆಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅವಳ ಅಪ್ಪನಿಗೆ ಡ್ರೈವರ್ ಅಳಿಯ ಬೇಡವಾಯಿತು, ಅಷ್ಟೆ. ಕೋದಂಡಪ್ಪ ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಟ್ಯಾಕ್ಸಿ ನಿಲ್ಲಿಸಿಕೊಂಡು, ಮದ್ರಾಸ್ ಮೇಲ್ ರೈಲಿನಿಂದ ಇಳಿದವರನ್ನು ರಾಬರ್ಟ್‌ಸನ್‌ಪೇಟೆಗೂ ಉರಿಗಾಂಗೂ ಮುಟ್ಟಿಸುತ್ತ ಒಂಟಿಯಾಗಿ ಉಳಿದುಬಿಟ್ಟ. ಶ್ರೀನಿವಾಸಪ್ಪನಿಗೆ ಎಲ್ಲಿಗೆ ಹೋಗಬೇಕಾದರೂ ಅವನ ಟ್ಯಾಕ್ಸಿಯೇ ಆಗಬೇಕು. "ನಮ್ಮ ಕೋದಂಡ ಇರೋವಾಗ ಬೇರೆ ಗಾಡಿ ಯಾಕ್ಲಾ" ಎಂದು ನಗುತ್ತ ಹತ್ತುತ್ತಿದ್ದ. ಆ ನಗುವೇ ಕೋದಂಡಪ್ಪನ ಹೊಟ್ಟೆಯಲ್ಲಿ ಕೆಂಡವಾಗಿ ಉಳಿಯುತ್ತಿತ್ತು.

ಗಣಿಗಳು ಸರ್ಕಾರದ ಕೈಗೆ ಹೋಗಿ, ಬಿಳಿಯರು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದ ವರ್ಷ ಅದು. ಉರಿಗಾಂನ ಇಂಜಿನಿಯರ್ ಟ್ರೆವರ್ ದೊರೆಯ ಕಾರು ಸುತ್ತಲಿನ ಸೀಮೆಯಲ್ಲೆಲ್ಲ ಹೆಸರಾದದ್ದು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಚಾವಣಿಯ ಬದಲು ಮಡಿಸುವ ಟಾರ್ಪಾಲು. ಅಂಗೈಯಗಲದ ಗಾಡಿ, ಆದರೆ ಏರಿನಲ್ಲಿ ಕೋದಂಡಪ್ಪನ ಟ್ಯಾಕ್ಸಿಯನ್ನು ಹಿಂದೆ ಹಾಕಿ ಹೋಗುವಾಗ ಅದರ ಸೈಲೆನ್ಸರಿನ ಸದ್ದಿಗೆ ಅವನ ಎದೆಯೊಳಗೆ ಏನೋ ಒದ್ದಾಡುತ್ತಿತ್ತು. ಹಿಂದೆ ಬಿದ್ದೆನಲ್ಲ ಎಂದು ಅವನಿಗೆ ಒಮ್ಮೆಯೂ ಸಿಟ್ಟು ಬಂದದ್ದಿಲ್ಲ. ಅದು ಇರಬೇಕಾದ್ದು ತನ್ನ ಕೈಯಲ್ಲಿ ಎನಿಸುತ್ತಿತ್ತು.

"ದೊರೆ ಗಾಡಿ ಮಾರ್ತವ್ನಂತೆ ಕಣ್ಲಾ," ಎಂದು ಶ್ರೀನಿವಾಸಪ್ಪ ಒಂದು ಬೆಳಿಗ್ಗೆ ಹೇಳಿದ. "ತಕ್ಕಂಡು ಶೋಲಾವರಂ ಕಾರ್ ಪಂದ್ಯದಾಗೆ ಓಡ್ಸಾನ ಅಂತಿದ್ದೀನಿ. ನಮ್ಮ ಮರದ ಡಿಪೋ ಹೆಸರು ಮದ್ರಾಸ್ನಾಗೂ ಕೇಳ್ಬೇಕು. ನಂಗೇನು ತಿಳೀತದೆ? ನೀನೇ ಒಂದ್ಸಲ ನೋಡ್ಬುಟ್ಟು ಏಳು. ನೀನು ಊಂ ಅಂದ್ರೆ ತಕ್ಕಂತೀನಿ, ಊಹೂಂ ಅಂದ್ರೆ ಬಿಡ್ತೀನಿ."

"ಅದಕ್ಕೇನು, ನೋಡ್ತೀನಿ," ಎಂದ ಕೋದಂಡಪ್ಪ.

ಅವತ್ತೆಲ್ಲ ಅವನ ಕಣ್ಣೆದುರು ಆ ಎರಡು ಸೀಟುಗಳೇ. ಒಂದರಲ್ಲಿ ಶ್ರೀನಿವಾಸಪ್ಪ. ಇನ್ನೊಂದರಲ್ಲಿ, ಗಾಳಿಗೆ ಹಾರುವ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು, ಅವಳು. ಮೂರನೆಯವನಿಗೆ ಅಲ್ಲಿ ಜಾಗವಿಲ್ಲ. ಟ್ಯಾಕ್ಸಿಯಲ್ಲಾದರೆ ಅವರಿಬ್ಬರ ಮುಂದೆ ತಾನು ಬೆನ್ನು ತೋರಿಸಿಕೊಂಡಾದರೂ ಇರುತ್ತಿದ್ದ.

ಬರಿಯ 'ಊಹೂಂ' ಸಾಲದು ಎಂಬುದು ಅವನಿಗೆ ಬೇಗ ಹೊಳೆಯಿತು. ಬಾಯಿಮಾತಿನಲ್ಲಿ ಬೇಡವೆಂದರೆ ಶ್ರೀನಿವಾಸಪ್ಪ ಇವತ್ತು ಬಿಟ್ಟಾನು, ನಾಳೆ ಬೇರೆ ಯಾರೋ ನೋಡಿ ಚಿನ್ನದಂಥ ಗಾಡಿ ಎಂದರೆ? ಗಾಡಿ ಕೆಟ್ಟಿದೆ ಎಂಬುದನ್ನು ಶ್ರೀನಿವಾಸಪ್ಪ ತನ್ನ ಕಣ್ಣಿಂದ ನೋಡಬೇಕು, ತನ್ನ ಕೈಯಿಂದ ಮುಟ್ಟಬೇಕು. ದೊರೆಯೂ ನಂಬಬೇಕು. ದೊರೆ ನಂಬಿದರೆ ಬೆಲೆ ಇಳಿಯುತ್ತದೆ. ಇಳಿದ ಬೆಲೆಗೆ ಅದನ್ನು ಕೊಳ್ಳುವವನು ಯಾರು ಎಂಬುದನ್ನು ಅವನು ಮನಸ್ಸಿನೊಳಗೂ ಜೋರಾಗಿ ಹೇಳಿಕೊಳ್ಳಲಿಲ್ಲ.

ದೊರೆಯ ಬಂಗಲೆಗೆ ಹೋಗಿ, ಗಿರಾಕಿ ಬರುವ ಮುಂಚೆ ಗಾಡಿಯನ್ನು ತೊಳೆದು ಗ್ರೀಸು ಹಾಕಿಕೊಡುತ್ತೇನೆ ಎಂದ. ದೊರೆ ಸಾಮಾನು ಕಟ್ಟಿಸುವ ಗಡಿಬಿಡಿಯಲ್ಲಿದ್ದ. ಬೀಗದ ಕೈ ಎಸೆದ. ಕೋದಂಡಪ್ಪ ಗಾಡಿಯನ್ನು ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಹಿಂದಿದ್ದ ತನ್ನ ಶೆಡ್ಡಿಗೆ ತಂದು ತಗಡಿನ ಬಾಗಿಲು ಎಳೆದುಕೊಂಡ.

ಕೆಡಿಸುವ ಮುಂಚೆ ಒಮ್ಮೆ ನಿಜವಾಗಿ ನೋಡಬೇಕೆನಿಸಿತು. ಹಳೆಯ ಗಾಡಿಯಲ್ಲಿ, ಅದರಲ್ಲೂ ಓಡಿಸುವವನ ಕೈಗೆ ಸಿಕ್ಕು ಮೈಮುರಿದು ದುಡಿದ ಇಂಥ ಪುಟ್ಟ ಗಾಡಿಯಲ್ಲಿ, ಕಾಯಿಲೆ ಎಲ್ಲೆಲ್ಲಿ ಅಡಗಿರುತ್ತದೆಂದು ಅವನಿಗೆ ಗೊತ್ತಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಅಂಚು, ಮಡ್‌ಗಾರ್ಡುಗಳ ಮೇಲೆಲ್ಲ ಆಡಿಸಿದ. ಎಲ್ಲ ಕಡೆ ಕಚ್ಚಿಕೊಂಡಿತು. ತುಕ್ಕಿನ ತೂತಿಗೆ ಮೆತ್ತಿ ಬಣ್ಣ ಬಳಿದ ಜಾಗ ಒಂದೂ ಇರಲಿಲ್ಲ. ಮುಂದಿನ ಚಕ್ರಗಳನ್ನು ಎತ್ತಿ ಅಲುಗಿಸಿದ, ಸಡಿಲವಿಲ್ಲ. ಟೈರು ಒಂದೇ ಸಮ ಸವೆದಿತ್ತು. ಅಂದರೆ ಗಾಡಿ ಎಲ್ಲಿಯೂ ಗುದ್ದಿ ಸೊಟ್ಟಗಾದದ್ದಲ್ಲ. ತಣ್ಣಗಿದ್ದ ಇಂಜಿನ್ನನ್ನು ಎಬ್ಬಿಸಿ ಹೊಗೆಯನ್ನು ನೋಡಿದ, ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನು ನೋಡಿದ. ಅಡಿಯಲ್ಲಿ ಅಂಗಾತ ಮಲಗಿ ಚಾಸಿಯ ಉದ್ದಕ್ಕೂ ಬೆರಳಾಡಿಸಿದ. ಒಂದು ಬಿರುಕಿಲ್ಲ. ಮೈಯಲ್ಲಿ ಒಂದು ಕಾಯಿಲೆಯಿಲ್ಲದ ಗಾಡಿ. ಅವನಿಗೆ ಸಂತೋಷವಾಗಲಿಲ್ಲ. ಒಳ್ಳೆಯದೆಲ್ಲ ಶ್ರೀನಿವಾಸಪ್ಪನ ಪಾಲಿಗೇ ಯಾಕೆ ಹೋಗುತ್ತದೆ ಎಂದು ಅಲ್ಲೇ ನೆಲದಲ್ಲಿ ಬಿದ್ದುಕೊಂಡು ಬಹಳ ಹೊತ್ತು ಯೋಚಿಸಿದ.

ಆಮೇಲೆ ಎದ್ದು ಕೆಲಸಕ್ಕೆ ಕೂತ. ಪ್ಲಗ್ಗುಗಳನ್ನು ಬಿಚ್ಚಿ ಒಳಕ್ಕೆ ಒಂದೊಂದು ಚಮಚ ಎಣ್ಣೆ ಹುಯ್ದ. ಚಾಲೂ ಮಾಡಿದರೆ ನೀಲಿ ಹೊಗೆ ಕಕ್ಕಬೇಕು. ಇಂಜಿನ್ನಿನ ಎಣ್ಣೆಗೆ ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡಿದ, ಮುಳ್ಳು ಬೀಳಬೇಕು. ವಾಲ್ವುಗಳ ಸಂದು ಅಗಲಿಸಿದ, ತಟತಟ ಬಡಿಯಬೇಕು. ಸ್ಟೇರಿಂಗಿನ ತಿರುಪನ್ನು ಒಂದು ಸುತ್ತು ಸಡಿಲಿಸಿ, ಎಡ ಮುಂದಿನ ಚಕ್ರದ ಗಾಳಿ ಕಡಿಮೆ ಮಾಡಿದ. ಕೈ ಬಿಟ್ಟರೆ ಗಾಡಿ ಎಡಕ್ಕೆ ವಾಲಬೇಕು. ಕೊನೆಗೆ ಮುಂಭಾಗದ ಚಾಸಿಯ ಮೇಲೆ, ಬಗ್ಗಿದರೆ ಮಾತ್ರ ಕೈಗೆ ಸಿಗುವ ಜಾಗದಲ್ಲಿ, ಸೀಸ ಕರಗಿಸಿ ಒರಟಾದ ಒಂದು ಬೆಸುಗೆಯ ಗೆರೆ ಎಳೆದ. ಅದಕ್ಕೆ ಮಸಿ ಹಚ್ಚಿ, ಮೇಲೆ ಕೆಸರು ಮೆತ್ತಿದ. ಇದರಲ್ಲಿ ಒಂದೂ ಶಾಶ್ವತವಲ್ಲ. ಒಂದು ದಿನ ಸಿಕ್ಕರೆ ಎಲ್ಲವನ್ನೂ ಕಳೆದು ಗಾಡಿಯನ್ನು ಮೊದಲಿನಂತೆ ಮಾಡಬಹುದು. ತನ್ನ ಕೈಗುಣಕ್ಕೆ ತಾನೇ ಮೆಚ್ಚಿಕೊಂಡ.

ಗಾಡಿಯನ್ನು ಬಂಗಲೆಗೆ ಮರಳಿ ತಂದು, ದೊರೆ ಕಾಣದಂತೆ ಪ್ಲಗ್ಗು ಬಿಚ್ಚಿ ಇನ್ನೊಮ್ಮೆ ಎಣ್ಣೆ ಹುಯ್ದಿಟ್ಟ. ಶ್ರೀನಿವಾಸಪ್ಪ ಜರತಾರಿ ಅಂಚಿನ ಪಂಚೆಯುಟ್ಟು ಅಲ್ಲಿಗೆ ಬಂದ. ಕೋದಂಡಪ್ಪ ಏನನ್ನೂ ಹೇಳುವ ಆತುರ ಮಾಡಲಿಲ್ಲ. ಇಂಜಿನ್ ಎಬ್ಬಿಸಿ ಸುಮ್ಮನೆ ನಿಂತ. ನೀಲಿ ಹೊಗೆ ಗುಲಾಬಿ ಗಿಡಗಳ ಮೇಲೆಲ್ಲ ಹಬ್ಬಿತು. ದೊರೆ ಬೆಚ್ಚಿಬಿದ್ದು, ಹೋದ ವಾರ ಸರಿಯಿತ್ತಲ್ಲ ಎಂದ. ಗುಡ್ಡದ ಏರಿನಲ್ಲಿ ದಿನವೂ ಎಳೆಸಿದರೆ ಒಂದು ದಿನ ಹೀಗೇ ಕೈಕೊಡುತ್ತದೆ ಎಂದು ಕೋದಂಡಪ್ಪ ಮರ್ಯಾದೆಯಿಂದಲೇ ವಿವರಿಸಿದ. ಶ್ರೀನಿವಾಸಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಬಂಗಲೆಯ ಮುಂದಿನ ದಾರಿಯಲ್ಲಿ ಒಂದು ಸುತ್ತು ಹೊಡೆದ. ನೇರ ದಾರಿಯಲ್ಲಿ ಎರಡೂ ಕೈ ಎತ್ತಿದ. ಗಾಡಿ ಎಡಗಡೆಯ ಚರಂಡಿಯ ಕಡೆಗೆ ಹೊರಳಿತು.

ವಾಪಸು ಬಂದು, "ಬಗ್ಗಿ ಇಲ್ಲಿ ಕೈ ಇಕ್ಕು," ಎಂದ.

ಶ್ರೀನಿವಾಸಪ್ಪ ಪಂಚೆ ಎತ್ತಿಕಟ್ಟಿ ಮಂಡಿಯೂರಿದ. ಬೆರಳಿಗೆ ಬೆಸುಗೆಯ ಗಂಟು ಸಿಕ್ಕಿತು. "ಇದೇನ್ಲಾ ಇದು?"

"ಮುರಿದು ಅಂಟ್ಸಿರೋದು. ಎಲ್ಲೋ ಗುದ್ದೈತೆ. ಪಂದ್ಯದ ಓಟದಾಗೆ ಇದು ಬಿಟ್ಕಂಡ್ರೆ ಮುಂದಿನ ಗಾಲಿ ಒಂದ್ಕಡೆ, ಮನುಷ್ಯ ಒಂದ್ಕಡೆ."

"ಅಯ್ಯಪ್ಪ!" ಶ್ರೀನಿವಾಸಪ್ಪ ಕೈ ಒರೆಸಿಕೊಳ್ಳುತ್ತ ಎದ್ದ. ಮುಖ ಸಣ್ಣದಾಗಿತ್ತು. "ಮಾಡಾಕೇನೂ ಆಗಲ್ವಾ?"

ಇದು ಮುಗಿದುಹೋದ ಮಾತಾಗಬೇಕಿತ್ತು. ಕೋದಂಡಪ್ಪ ಇನ್ನೊಂದು ಬೇಲಿ ಹಾಕಿದ. "ನಿಂಗೆ ಇಂಥ ಗಾಡಿ ಬೇಕೇ ಬೇಕು ಅಂದ್ರೆ ಬೆಂಗಳೂರ್ನಾಗೆ ನೋಡು. ಗಾಡಿ ಜತೆಗೆ ಅದನ್ನ ಪಳಗ್ಸಿರೋ ಡ್ರೈವರನ್ನೂ ಕರ್ಕಂಡು ಬಾ. ಇವು ಕುದ್ರೆ ಇದ್ದಂಗೆ, ಒಬ್ಬನ ಕೈಗೆ ಒಗ್ಗಿದ್ದು ಇನ್ನೊಬ್ಬನ ಕೈಗೆ ಒಗ್ಗಲ್ಲ."

ಶ್ರೀನಿವಾಸಪ್ಪ ಅವನ ಮುಖವನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದು, "ನೀನೇ ಅಂಗಂದ್ಮೇಲೆ ಮುಗೀತು ಬಿಡು," ಎಂದ. ಟ್ಯಾಕ್ಸಿಯಲ್ಲಿ ಬಂಗಾರಪೇಟೆಗೆ ಮರಳುವಾಗ ದಾರಿಯುದ್ದಕ್ಕೂ ಅವನು ಕಿಟಕಿಯಾಚೆಗೇ ನೋಡುತ್ತಿದ್ದ. ಅವನ ಸಪ್ಪೆ ಮುಖವನ್ನು ಕನ್ನಡಿಯಲ್ಲಿ ನೋಡುತ್ತ ಕೋದಂಡಪ್ಪ ಆ ದಾರಿಯನ್ನು ಎಂದಿಗಿಂತ ನಿಧಾನವಾಗಿ ದಾಟಿದ.

ಮುಂದಿನದೆಲ್ಲ ಅವನು ಎಣಿಸಿದಂತೆಯೇ ನಡೆಯಿತು. ಗಾಡಿ ಕೆಟ್ಟಿದೆ ಎಂಬ ಸುದ್ದಿ ತಾನಾಗಿ ಹರಡಿತು. ಎರಡನೆಯ ಗಿರಾಕಿ ಬರಲಿಲ್ಲ. ದೊರೆ ಹಡಗು ಹತ್ತುವ ದಿನ ಹತ್ತಿರವಾಯಿತು. ಆಗ ಕೋದಂಡಪ್ಪ ಹೋಗಿ, ಬಿಡಿಭಾಗಗಳಿಗಾದರೂ ಆದೀತು, ನಾನೇ ಇಟ್ಟುಕೊಳ್ಳುತ್ತೇನೆ ಎಂದ. ಆ ಇಳಿದ ಬೆಲೆಯಷ್ಟು ಹಣವೂ ಅವನ ಕೈಯಲ್ಲಿರಲಿಲ್ಲ. ಅದಕ್ಕೂ ದಾರಿ ಯೋಚಿಸಿಟ್ಟಿದ್ದ. ವೀಳ್ಯದೆಲೆ ಮಂಡಿಯ ಬಚ್ಚಪ್ಪ ಬಹಳ ದಿನದಿಂದ ಅವನ ಟ್ಯಾಕ್ಸಿಯನ್ನು ಕೇಳುತ್ತಿದ್ದ. ಅದನ್ನು ಮಾರಿದ. ಹೊಟ್ಟೆಪಾಡಿನ ಯೋಚನೆ ಒಂದು ಗಳಿಗೆ ಬಂತು, ಹೋಯಿತು. ಇಂಥ ಗಾಡಿಯಲ್ಲಿ ಒಮ್ಮೆ ಪಂದ್ಯ ಗೆದ್ದವನಿಗೆ ಕೆಲಸ ಕೊಡಲು ಮದ್ರಾಸಿನ ಸಾಹುಕಾರರು ಬಾಗಿಲಿಗೆ ಬರುತ್ತಾರೆ.

ಟ್ಯಾಕ್ಸಿಯನ್ನು ಬಚ್ಚಪ್ಪನಿಗೆ ಒಪ್ಪಿಸುವ ಮುಂಚೆ ದೊರೆಯನ್ನು ಅದರಲ್ಲಿ ಸ್ಟೇಷನ್ನಿಗೆ ಮುಟ್ಟಿಸಿದವನೂ ಅವನೇ. ರೈಲು ಹೊರಡುವಾಗ ದೊರೆ ಅವನ ಕೈ ಕುಲುಕಿ, ಆ ಗಾಡಿಯಲ್ಲಿ ವೇಗವಾಗಿ ಹೋಗಬೇಡ, ನಿನ್ನ ಜೀವ ದೊಡ್ಡದು ಎಂದ. ಕೋದಂಡಪ್ಪ ತಲೆ ತಗ್ಗಿಸಿ ಒಪ್ಪಿಕೊಂಡ.

ಮಾರನೆಯ ದಿನ ಶೆಡ್ಡಿನಲ್ಲಿ ಒಂದೊಂದಾಗಿ ಸುಳ್ಳುಗಳನ್ನು ಬಿಚ್ಚಿದ. ಎಣ್ಣೆ ಬದಲಾಯಿಸಿದ, ವಾಲ್ವುಗಳನ್ನು ಸರಿಪಡಿಸಿದ, ತಿರುಪು ಬಿಗಿದ, ಗಾಳಿ ತುಂಬಿದ, ಸೀಸದ ಗೆರೆಯನ್ನು ಉಳಿಯಿಂದ ಎಬ್ಬಿಸಿ ಎಸೆದ. ಯಾರಾದರೂ ಕೇಳಿದರೆ, ಹಗಲೆಲ್ಲ ಕೂತು ರಿಪೇರಿ ಮಾಡಿದೆ ಎನ್ನುವುದು, ಮಾಡಿದ್ದೂ ನಿಜವೇ. ಸೀಟಿಗೆ ಹೊಸ ಬಟ್ಟೆ ಹೊದಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಊರು ದಾಟಿದ ಮೇಲೆ ಕಾಲು ಅದುಮಿದ. ಹುಣಸೆಮರಗಳು ಹಿಂದಕ್ಕೆ ಹಾರಿದವು, ದಾರಿಯ ಎಮ್ಮೆಗಳು ಚದುರಿದವು, ಬೈದವರ ಬೈಗುಳ ಕಿವಿಗೆ ಬೀಳುವ ಮುಂಚೆಯೇ ಹಿಂದೆ ಉಳಿಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

ಶ್ರೀನಿವಾಸಪ್ಪನ ಮನೆಯ ಮುಂದೆ ಬೇಕೆಂದೇ ಜೋರಾಗಿ ಬ್ರೇಕು ಹಾಕಿದ. ಅಲ್ಲಿ ಬಿಳಿಯ ಪುಟ್ಟ ಕಾರೊಂದು ನಿಂತಿತ್ತು. ಒರಟು ಮೀಸೆಯ ಯುವಕನೊಬ್ಬ ಅದರ ಗಾಜು ಒರೆಸುತ್ತಿದ್ದ. ಗಂಡ ಹೆಂಡತಿ ಇಬ್ಬರೂ ಹೊರಬಂದರು.

"ಬದುಕ್ಸಿಬಿಟ್ಟಲ್ಲೋ ಇದನ್ನ!" ಎಂದು ಶ್ರೀನಿವಾಸಪ್ಪ ಕೂಗಿದ. ಅವನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. "ನೋಡು, ನೀನು ಏಳ್ದಂಗೇ ಬೆಂಗಳೂರ್ನಾಗೆ ತಕ್ಕಂಡೆ. ಇವ್ನು ಆದಿನಾರಾಯಣ, ಗಾಡಿ ಜತೆಗೇ ಬಂದೋನು. ತಿಂಗಳ ಸಂಬಳ, ಇರಾಕೆ ನಮ್ಮ ಹಿತ್ಲು ಮನೆ. ಪಂದ್ಯಕ್ಕೆ ಇವ್ನ ಹೆಸರು ಬರೆಸಾಯ್ತು. ನನ್ನ ಓಡಾಟಾನೂ ಇನ್ಮೇಲೆ ಇವ್ನದೇ."

ಬಿಳಿಯ ಕಾರು ತನ್ನದರ ಮುಂದೆ ಏನೂ ಅಲ್ಲ ಎಂದು ಕೋದಂಡಪ್ಪನಿಗೆ ಒಂದೇ ನೋಟಕ್ಕೆ ತಿಳಿಯಿತು. ಅವನು ವರಲಕ್ಷ್ಮಮ್ಮನ ಕಡೆ ನೋಡಿದ. ಅವಳು ಕೆಂಪು ಕಾರನ್ನು ನೋಡುತ್ತಿದ್ದಳು, ಅವನನ್ನಲ್ಲ. ಮುಖದಲ್ಲಿ ಎಂಥದೋ ಕೊರಗಿತ್ತು. ಗೆದ್ದೆ ಎಂದುಕೊಂಡ. ಇಳಿದು, ಬೀಗದ ಕೈಯನ್ನು ಶ್ರೀನಿವಾಸಪ್ಪನತ್ತ ಚಾಚಿದ. ಅವನು ಇದರಲ್ಲಿ ಒಂದು ಸುತ್ತು ಹೋಗಿಬಂದು, ಇಳಿಯುವಾಗ ಮನಸ್ಸಿಲ್ಲದೆ ಇಳಿಯುವುದನ್ನು ಕಣ್ಣಾರೆ ನೋಡಬೇಕಿತ್ತು.

"ತಕ್ಕೋ, ನೀನೇ ಒಂದು ಸುತ್ತು ಓಡ್ಸಿ ನೋಡು."

ಶ್ರೀನಿವಾಸಪ್ಪ ನಾಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ತಮಾಸೆ ಮಾಡ್ತೀಯೇನ್ಲಾ? ನಂಗೆಲ್ಲಿ ಬತ್ತದೆ ಓಡ್ಸಾಕೆ, ಉಟ್ದಾಗಿಂದ ಸ್ಟೇರಿಂಗ್ ಮುಟ್ಟಿದೋನಲ್ಲ." 

"ದೊರೆ ಗಾಡಿ ತಕ್ಕಂಡು ನಿನ್ನನ್ನೇ ಪಂದ್ಯಕ್ಕೆ ಕೂರಿಸಬೇಕು ಅಂತ ಇವರ ಹತ್ರ ನಾನೇ ಹಟ ಹಿಡಿದಿದ್ದೆ ಕೋದಂಡಣ್ಣ," ಎಂದಳು ವರಲಕ್ಷ್ಮಮ್ಮ, "ಗಾಡಿ ಕೈಗೆ ಬರೋಗಂಟ ಏಳೋದು ಬೇಡ, ಸುಮ್ನೆ ಆಸೆ ಉಟ್ಸಿದಂಗಾಯ್ತದೆ ಅಂದ್ಕಂಡ್ವಿ. ಅಷ್ಟ್ರಾಗೆ ನೀನೇ ಬೇಡ ಅಂದ್ಬುಟ್ಟೆ." ಬೀಗದ ಕೈ ಹಿಡಿದ ಕೋದಂಡಪ್ಪನ ತೋಳು ಚಾಚಿದಂತೆಯೇ ಇತ್ತು. ಕಾರಿನ ಒಂದೊಂದು ತಿರುಪನ್ನೂ ನೋಡಿದ್ದ ಅವನು, ಇಷ್ಟು ವರ್ಷ ಯಾಕೆ ಶ್ರೀನಿವಾಸಪ್ಪ ತನ್ನ ಹಿಂದಿನ ಸೀಟಿನಲ್ಲೇ ಕೂತು ಬರುತ್ತಿದ್ದ ಎಂಬುದನ್ನು ಮಾತ್ರ ನೋಡಿರಲಿಲ್ಲ.