ಅರ್ಧ ಕೊಯ್ದ ಹುಲ್ಲು

ಸೆಪ್ಟೆಂಬರಿನ ವಸಂತ ಬಂದು ಅಲ್ವರ್‌ಸ್ಟನ್ನಿನ ಅಂಗಳಗಳಲ್ಲಿ ಹುಲ್ಲು ಮೊಣಕಾಲು ಮುಟ್ಟಿತೆಂದರೆ ಗ್ಲೆನಿಸ್ ಪಾಸ್ಕೊ ತನ್ನ ಹುಲ್ಲು ಕೊಯ್ಯುವ ಮೋವರಿನ ಬ್ಯಾಟರಿ ಹೊತ್ತು ಬರುತ್ತಾಳೆಂದು ಮರ್ವಿನ್‌ಗೆ ಗೊತ್ತು. ಊರಿನ ನಿವೃತ್ತ ಗಂಡಸರು ಮರಗೆಲಸ, ರಿಪೇರಿ ಎಂದು ಹೊತ್ತು ಕಳೆಯುವ ಶೆಡ್ಡಿನಲ್ಲಿ ಶನಿವಾರದ ಬ್ಯಾಟರಿ ಮೇಜು ಅವನದು. ಸತ್ತ ಡ್ರಿಲ್ಲು, ಏದುಸಿರು ಬಿಡುವ ಹುಲ್ಲಿನ ಮೋವರ್ರು, ಯಾವುದರ ಬ್ಯಾಟರಿಯಾದರೂ ಸರಿ, ಬಿಚ್ಚಿ, ಹೊಸ ಸೆಲ್ ಬೆಸೆದು ಜೀವ ಕೊಡುತ್ತಿದ್ದ.

"ಬಂದ್ರಪ್ಪ ನಿನ್ನ ಕಾಯಂ ಗಿರಾಕಿ," ಎಂದು ಪಕ್ಕದಲ್ಲಿ ಮರಕ್ಕೆ ರಂದಾ ಹೊಡೆಯುತ್ತಿದ್ದ ಗೆಳೆಯ ಕ್ಲ್ಯಾರಿ ರಾಗ ಎಳೆದ. "ಊರೋರ ಬ್ಯಾಟರಿ ಐದು ವರ್ಷ ಬರುತ್ತೆ, ಇವರದು ಒಂದೇ ವರ್ಷ. ಅದೇನ್ ಮಾಯವೋ."

ಮಾಯವೇನೂ ಇರಲಿಲ್ಲ. ಒಂದು ಬ್ಯಾಟರಿಯೊಳಗೆ ಹತ್ತು ಸೆಲ್. ಸೋತ ಎರಡನ್ನಷ್ಟೇ ಬದಲಿಸಿದರೆ ಹಳೆಯ ಎಂಟರ ಸಹವಾಸದಲ್ಲಿ ಹೊಸವೂ ವರ್ಷದೊಳಗೆ ಸೊರಗುತ್ತವೆ. ಎಲ್ಲರಿಗೂ ಹತ್ತನ್ನೂ ಬದಲಿಸುತ್ತಿದ್ದ ಮರ್ವಿನ್, ಗ್ಲೆನಿಸ್‌ಗೆ ಮಾತ್ರ ಎರಡು.

ಅವಳು ಲೈಬ್ರರಿಯಿಂದ ನೇರ ಬರುತ್ತಿದ್ದಳು, ಮುಡಿಯಲ್ಲಿ ಮರೆತ ಪೆನ್ಸಿಲ್ಲು, ಕೈಯಲ್ಲಿ ನಿಂಬೆ ಕೇಕು. ಅವಳಿಗೆಂದೇ ಖಾಲಿ ಇಟ್ಟ ಸ್ಟೂಲಿನ ಮೇಲೆ ಕುಳಿತು, ಕನ್ನಡಕದ ಮೇಲಿಂದ ಅವನ ಬೆರಳುಗಳನ್ನೇ ನೋಡುವಳು. ಅವನು ತಲೆ ಎತ್ತಿದರೆ ಕಿಟಕಿ ನೋಡುವಳು. ವರ್ಷಕ್ಕೊಂದು ಗಂಟೆಯ ಆ ನೋಟಕ್ಕಾಗಿ ಅವನು ತನ್ನ ವಿದ್ಯೆಗೇ ದ್ರೋಹ ಬಗೆದಿದ್ದ.

ಈ ಸಲ ಕೇಕು ಇರಲಿಲ್ಲ. "ಇದೊಂದ್ಸಲ ಗಟ್ಟಿಯಾಗಿ ಮಾಡ್ಕೊಡಿ ಮರ್ವಿನ್. ಮೋವರ್ನ ಮಗಳ ಮನೆಗೆ ಕಳಿಸ್ತಿದೀನಿ, ನಂಗಿನ್ನು ಬೇಕಾಗಲ್ಲ."

ಕಾರಣವನ್ನೂ ಅವಳೇ ಹೇಳಿದಳು. ಹೋದ ನವೆಂಬರಿನಲ್ಲಿ ಮೋವರ್ ಅಂಗಳದ ನಡುವೆ ನಿಂತುಬಿಟ್ಟಿತಂತೆ. ಪಕ್ಕದ ಮನೆಯ ರೆಕ್ಸ್ ತನ್ನ ಪೆಟ್ರೋಲ್ ಮೋವರ್ ತಳ್ಳಿಕೊಂಡು ಬಂದು ಉಳಿದರ್ಧ ಕೊಯ್ದನಂತೆ. ಮರುವಾರವೂ ಬಂದನಂತೆ. ಬರುವ ಜನವರಿಯಲ್ಲಿ ಅವರಿಬ್ಬರ ಮದುವೆ.

ಮರ್ವಿನ್ ಹತ್ತೂ ಸೆಲ್ ಬದಲಿಸಿದ. ತೆಗೆದಿಟ್ಟವನ್ನು ಅವಳು ಎಣಿಸಿದಳು.

"ಯಾವಾಗ್ಲೂ ಎರಡೇ ಇರ್ತಿತ್ತಲ್ಲ?"

ಸುಳ್ಳು ಹೇಳಬಹುದಿತ್ತು. "ಹತ್ತೂ ಹಾಕಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ," ಎಂದ.

ಗ್ಲೆನಿಸ್ ಈ ಸಲ ಕಿಟಕಿ ನೋಡಲಿಲ್ಲ. "ನಿನ್ನ ಕಣ್ಣು ಮಂಜಾಗಿ ಕೆಲಸ ಕೆಡ್ತಿದೆ ಅಂದ್ಕೊಂಡಿದ್ದೆ. ಬೇರೆ ಕಡೆ ಕೊಟ್ರೆ ನೊಂದ್ಕೋತೀಯ ಅಂತ ಇಲ್ಲಿಗೇ ಹೊತ್ಕೊಂಡು ಬರ್ತಿದ್ದೆ."

ಅವನು ಬ್ಯಾಟರಿಯ ಮುಚ್ಚಳ ಕೂರಿಸಿ ತಿರುಪು ಬಿಗಿದ.

"ಟೀಗೆ ಬರ್ತೀಯಾ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು, ಮರ್ವಿನ್. ಎರಡು ವರ್ಷ ಕಾದೆ."

"ಈಗ ಕೇಳಿದ್ರೆ?"

"ಈಗ ರೆಕ್ಸ್ ಕೇಳಿದಾನೆ."

ಬ್ಯಾಟರಿಯ ಚಾರ್ಜ್ ತೋರಿಸುವ ನಾಲ್ಕೂ ಹಸಿರು ದೀಪ ಹತ್ತಿದವು. ಅವಳು ಅದನ್ನು ಮಗುವಿನಂತೆ ಎತ್ತಿಕೊಂಡು, ಬಾಗಿಲಲ್ಲಿ ಒಮ್ಮೆ ನಿಂತು, ಹೊರಟುಹೋದಳು.

ಮರುವರ್ಷ ಹುಲ್ಲು ಮೊಣಕಾಲು ಮುಟ್ಟಿತು. ಮಗಳ ಮನೆಯಲ್ಲಿ ಆ ಮೋವರ್ ಒಂದು ದಿನವೂ ನಿಂತಿಲ್ಲವೆಂದು ಕ್ಲ್ಯಾರಿ ಸುದ್ದಿ ತಂದ. "ಕೆಲಸ ಅಂದ್ರೆ ನಿಂದು ಕಣಯ್ಯ," ಎಂದ.

ಮರ್ವಿನ್ ತಲೆಯಾಡಿಸಿದ. ಮೇಜಿನ ಮೇಲೆ ಜಾಗವಿರಲಿಲ್ಲ. ಯಾರದೋ ಡ್ರಿಲ್ಲನ್ನು ಎತ್ತಿ, ಅವಳಿಗೆಂದು ಖಾಲಿ ಇಟ್ಟಿದ್ದ ಸ್ಟೂಲಿನ ಮೇಲಿಟ್ಟ.