ಹಿಂದಕ್ಕಿಟ್ಟ ಹೆಜ್ಜೆ

"ಮುಟ್ಟಬೇಡ! ಅತ್ತೇನ ಮುಟ್ಟಬೇಡ ನೀನು!"

ಅತ್ತಿಗೆಯ ಕೂಗಿಗೆ ಅವನ ಕೈ ಅರ್ಧದಲ್ಲೇ ನಿಂತಿತು. ಅಮ್ಮನನ್ನು ಆಸ್ಪತ್ರೆಯಿಂದ ತಂದು ಆಗಷ್ಟೇ ಮಂಚದ ಮೇಲೆ ಮಲಗಿಸಿದ್ದರು. ಪಾರ್ಶ್ವವಾಯು ಬಡಿದು ಬಲಗಾಲು ಸ್ವಾಧೀನ ತಪ್ಪಿತ್ತು.

"ನಿನ್ನ ಆಟ ನೋಡೋಕೆ ಬಂದಲ್ಲೇ ತಾನೆ ಅತ್ತೆ ಕುಸಿದಿದ್ದು? ತಂಡ ಸೋತಿದ್ದೂ ನಿನ್ನಿಂದ, ಇವರು ಹೀಗಾಗಿದ್ದೂ ನಿನ್ನಿಂದ!"

ಅಣ್ಣ ಕಿಟಕಿಯ ಕಡೆ ತಿರುಗಿಕೊಂಡ. ಹೆಂಡತಿಗೆ ಹೂಂ ಅನ್ನಲಾರ, ತಮ್ಮನಿಗೆ ಉಹೂಂ ಅನ್ನಲಾರ. ಮೌನವಾಗಿರುವುದೇ ನ್ಯಾಯ ಎಂದುಕೊಳ್ಳುವ ಗಂಡಸರ ಪೈಕಿ ಅವನೂ ಒಬ್ಬ!

ಹತ್ತೊಂಬತ್ತರ ಹುಡುಗ, ಹಾಕಿಯಲ್ಲಿ ಡಿಫೆಂಡರ್. ಮೈದಾನದಲ್ಲಿ ಎಲ್ಲರೂ ಅವನನ್ನು 'ಬಿರುಗಾಳಿ' ಎಂದೇ ಕರೆಯುತ್ತಿದ್ದರು. ಚೆಂಡು ಕಂಡರೆ ಸಾಕು, ನುಗ್ಗಿಬಿಡುತ್ತಿದ್ದ. ಫೈನಲ್‌ನ ಕೊನೆಯಲ್ಲೂ ಹಾಗೆಯೇ ನುಗ್ಗಿದ. ಎದುರಾಳಿ ಫಾರ್ವರ್ಡ್ ಚೆಂಡನ್ನು ಪಕ್ಕಕ್ಕೆ ಎಳೆದುಕೊಂಡು ನಗುತ್ತಲೇ ದಾಟಿಹೋದ. ಗೋಲು! ನೆಲಕ್ಕೆ ಬಿದ್ದವನು ತಲೆಯೆತ್ತಿದಾಗ ಅಮ್ಮ ಕುಳಿತಿದ್ದ ಕಡೆ ಜನ ಗುಂಪುಗೂಡಿದ್ದರು. ಮರುವಾರ ತಂಡದಿಂದಲೂ ಅವನನ್ನು ಕೈಬಿಟ್ಟರು. ಗಾಯದ ಮೇಲೆ ಬರೆ...

"ಅಮ್ಮ ನಡೆಯೋವರೆಗೂ ನಾನು ಸ್ಟಿಕ್ ಮುಟ್ಟಲ್ಲ ಅತ್ತಿಗೆ," ಎಂದ, ಚಾಚಿದ್ದ ಕೈ ಹಿಂತೆಗೆದುಕೊಂಡು.

ಅತ್ತಿಗೆ ಎಷ್ಟು ಗೊಣಗಿದರೂ ಅಂದಿನಿಂದ ಅಮ್ಮನ ಸೇವೆ ಅವನದೇ ಆಯಿತು. ಮೀಯಿಸುವುದೊಂದನ್ನು ಮಾತ್ರ ಅತ್ತಿಗೆ ಬಿಟ್ಟುಕೊಡಲಿಲ್ಲ. ಅಮ್ಮ ಗೋಡೆ ಹಿಡಿದು ಎದ್ದು ನಿಂತರೆ ಸಾಕು, ಹಾರಿಬಂದು ತೋಳು ಹಿಡಿಯುತ್ತಿದ್ದ. ಅಮ್ಮನ ಮೈ ತುಸು ವಾಲಿದರೂ ಎತ್ತಿಕೊಂಡುಬಿಡುತ್ತಿದ್ದ. ಎರಡು ತಿಂಗಳಾದರೂ ಅಮ್ಮ ಸ್ವಂತವಾಗಿ ಒಂದು ಹೆಜ್ಜೆ ಇಡಲಿಲ್ಲ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ ಒಂದು ದಿನ ರೇಗಿಯೇಬಿಟ್ಟರು. "ಬೀಳೋಕೆ ಮುಂಚೆನೇ ಹಿಡಿದುಬಿಟ್ರೆ ಅವರ ಕಾಲು ಕಲಿಯೋದು ಯಾವಾಗಪ್ಪ? ಎದುರಿಗೆ ನಿಂತ್ಕೋ. ಒಂದು ತೋಳಿನಷ್ಟು ದೂರ ಇರು. ಅವರು ಮುಂದೆ ಬಂದ ಹಾಗೆ ನೀನು ಹಿಂದೆ ಹಿಂದೆ ಹೋಗು. ಕಾಲು ನೋಡು, ಮುಖ ನೋಡಬೇಡ. ನಿಜವಾಗಿ ಬೀಳ್ತಿದ್ರೆ ಮಾತ್ರ ಕೈ ಹಾಕು."

ಹೇಳುವುದೇನೋ ಸುಲಭ! ಹೆತ್ತವಳು ಕಣ್ಣೆದುರೇ ತತ್ತರಿಸುವಾಗ ಸುಮ್ಮನಿರುವುದು ಯಾವ ಮಗನಿಗೆ ಸಾಧ್ಯ? ಮೊದಮೊದಲು ಅವನ ಕೈ ತಾನಾಗಿ ಮುಂದೆ ಚಾಚುತ್ತಿತ್ತು, ಅಮ್ಮ ಗದರಿಸುತ್ತಿದ್ದಳು. ಆಮೇಲೆ ನಿಧಾನವಾಗಿ ಅವನ ಕಣ್ಣಿಗೆ ಹೊಸದೊಂದು ಕಾಣತೊಡಗಿತು. ಹೆಬ್ಬೆರಳು ತಿರುಗಿದರೆ ದೇಹ ಆ ಕಡೆ ವಾಲುತ್ತದೆ. ಹಿಮ್ಮಡಿ ಎದ್ದಿದ್ದರೆ ಹೆಜ್ಜೆ ಇನ್ನೂ ನಿರ್ಧಾರವಾಗಿಲ್ಲ.

ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಹೊತ್ತು ಬಂದ ಅತ್ತಿಗೆ ಬಾಗಿಲಲ್ಲೇ ಬೆರಗಾಗಿ ನಿಂತಳು. ಅತ್ತೆ ನಡೆಯುತ್ತಿದ್ದಾರೆ! ಎದುರಿಗೆ ಮೈದುನ ಮಂಡಿ ಬಾಗಿಸಿ, ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದಾನೆ. ಅತ್ತೆಯ ಕಾಲು ಚಾಪೆಯ ಅಂಚಿಗೆ ತಗುಲಿತು. ಅತ್ತಿಗೆಯ ಕೈಯಿಂದ ಬಟ್ಟೆ ಜಾರಿತು. ಅವನು ಮಾತ್ರ ಕದಲಲಿಲ್ಲ... ಹಣೆಯ ಬೆವರು ಕಣ್ಣಿಗಿಳಿದರೂ ರೆಪ್ಪೆ ಮಿಟುಕಿಸಲಿಲ್ಲ. ಅತ್ತೆ ತೂಗಾಡಿದರು, ನಿಂತರು, ಇನ್ನೊಂದು ಹೆಜ್ಜೆ ಇಟ್ಟರು.

ಅತ್ತಿಗೆ ಅಲ್ಲೇ ಕುಸಿದು ಅತ್ತಳು. "ಹೆತ್ತಮ್ಮನ ಮುಖ ನಂಗೆ ನೆನಪಿಲ್ಲ ಕಣೋ... ಅಮ್ಮ ಅಂತ ಸಿಕ್ಕಿದ್ದು ಇವರೊಬ್ಬರೇ. ಇವರೂ ಹೋಗಿಬಿಡ್ತಾರೇನೋ ಅನ್ನೋ ಭಯಕ್ಕೆ ನಿನ್ನ ಏನೇನೋ ಅಂದುಬಿಟ್ಟೆ!"

"ಬಿಡಿ ಅತ್ತಿಗೆ," ಎಂದ. ಜಾರಿಬಿದ್ದ ಬಟ್ಟೆಗಳನ್ನು ಹೆಕ್ಕತೊಡಗಿದ.

"ಅಳೋದು ಆಮೇಲೆ," ಎಂದಳು ಅಮ್ಮ, ಗೋಡೆಗೆ ಒರಗಿ ಏದುಸಿರು ಬಿಡುತ್ತ. "ಮುಂದಿನ ತಿಂಗಳು ಜಿಲ್ಲಾ ತಂಡದ ಆಯ್ಕೆ ಇದೆಯಂತಲ್ಲ. ಸ್ಟಿಕ್ ಎಲ್ಲಿಟ್ಟಿದ್ದೀಯ, ತೆಗಿ."

ಆಯ್ಕೆಯ ಪಂದ್ಯ. ಅತ್ತೆ ಸೊಸೆ ಇಬ್ಬರೂ ತರಬೇತುದಾರರ ಹಿಂದಿನ ಸಾಲಿನಲ್ಲೇ ಕುಳಿತಿದ್ದರು. ಫೈನಲ್‌ನಲ್ಲಿ ದಾಟಿಹೋದ ಅದೇ ಫಾರ್ವರ್ಡ್, ಅವನೂ ಆಯ್ಕೆಗೆ ಬಂದವನೇ, ಚೆಂಡಿನೊಡನೆ ಒಬ್ಬನೇ ನುಗ್ಗಿ ಬಂದ. ಅಡ್ಡ ನಿಂತಿದ್ದವನು ಬಿರುಗಾಳಿಯೊಬ್ಬನೇ. ಅವನು ನುಗ್ಗಲಿಲ್ಲ! ಮಂಡಿ ಬಾಗಿಸಿ, ಸ್ಟಿಕ್ ನೆಲಕ್ಕಿಟ್ಟು, ಒಂದು ತೋಳಿನಷ್ಟು ದೂರ ಉಳಿಸಿಕೊಂಡು ಹಿಂದೆ ಸರಿದ. ಫಾರ್ವರ್ಡ್ ಎಡಕ್ಕೆ ಹೊರಟಂತೆ ನಟಿಸಿದ, ಬಲಕ್ಕೆ ಹೊರಟಂತೆ ನಟಿಸಿದ. ಇವನ ಕಣ್ಣು ಕಾಲಿನ ಮೇಲೆಯೇ ಇತ್ತು. ಕೊನೆಗೆ ತಾಳ್ಮೆಗೆಟ್ಟವನು ಫಾರ್ವರ್ಡ್. ಚೆಂಡು ಅವನ ಸ್ಟಿಕ್ಕನ್ನು ಗೇಣುದ್ದ ಬಿಟ್ಟದ್ದೇ ತಡ, ಬಿರುಗಾಳಿ ಅದನ್ನು ಮೆತ್ತಗೆ ಬಿಡಿಸಿಕೊಂಡು ತನ್ನವರಿಗೆ ತಳ್ಳಿದ.

"ಇವನು ನಮ್ಮ ತಂಡಕ್ಕೆ ಬೇಕೇ ಬೇಕು," ಎಂದು ತರಬೇತುದಾರ ಪಕ್ಕದವರಿಗೆ ಹೇಳಿದ್ದು ಹಿಂದಿನ ಸಾಲಿಗೂ ಕೇಳಿಸಿತು.

ಮೈದಾನ ಮಾತ್ರ ಸುಮ್ಮನಿತ್ತು. ಆಗದೇ ಹೋದ ಗೋಲಿಗೆ ಯಾರು ತಾನೆ ಚಪ್ಪಾಳೆ ತಟ್ಟುತ್ತಾರೆ? ಆ ಮೌನದಲ್ಲಿ ಅತ್ತಿಗೆಯೊಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದಳು. ಜನ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಕೆನ್ನೆಯ ಮೇಲೆ ಹರಿಯುತ್ತಿದ್ದ ಕಣ್ಣೀರನ್ನೂ ಒರೆಸಿಕೊಳ್ಳಲಿಲ್ಲ.

"ಕೂತ್ಕೊಳ್ಳೇ ಮಗಳೇ," ಎಂದು ಅತ್ತೆ ಸೆರಗು ಜಗ್ಗಿದರು. "ಆಟ ಇನ್ನೂ ಮುಗಿದಿಲ್ಲ."