ಲಿವಾ ಮರಳಿನಲ್ಲಿ ಹಿಗ್ಗುವ ಅಚ್ಚು

ಅಲ್ ಕೂಜ್‌ನ ವರ್ಕ್‌ಶಾಪಿನಲ್ಲಿ ಜಯಪಾಲ ಸೀಮೆಸುಣ್ಣ ಹಿಡಿದು ಬಗ್ಗಿದ. ಟ್ರೇಲರಿನ ಅಚ್ಚಿನ ನಟ್ಟನಡುವೆ, ಕೆಳಬದಿಯಲ್ಲಿ, ಒಂದು ಬಿಳಿ ಗೆರೆ ಎಳೆದ.

"ಇದೆಂತದು?" ವಾರಿಜಾಕ್ಷಿ ಕೇಳಿದಳು.

"ಕತ್ತರಿಸುವ ಜಾಗ. ನೀರು ಮುಟ್ಟಿಸಿ ಬಂದರೆ ನಾನೇ ಒರೆಸುತ್ತೇನೆ. ಇಲ್ಲದಿದ್ದರೆ ಇಲ್ಲಿಗೆ ಕಟ್ಟರ್ ಇಡುವುದು. ಇದರ ಹಿಂದೆ ಬಿದ್ದು ಮೂರು ವರ್ಷ ಆಯ್ತಲ್ಲ ಅಕ್ಕ. ಇನ್ನು ಎಲ್ಲರ ಹಾಗೆ ಮಾಮೂಲಿ ಟ್ರೇಲರ್ ಮಾಡುವ."

ಜಯಪಾಲ ವರ್ಕ್‌ಶಾಪಿನ ಧಣಿ, ಕಾಪುವಿನವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದಕ್ಕೇ ವಾರಿಜಾಕ್ಷಿಗೆ ಎದುರಾಡಲು ಆಗಲಿಲ್ಲ. ಅವಳು ಅಲ್ಲಿ ಡ್ರಾಯಿಂಗ್ ಮಾಡುವವಳು. ಬೇಕಾದಾಗ ಅಗಲಕ್ಕೆ ಹಿಗ್ಗಿ, ಬೇಡವಾದಾಗ ಕುಗ್ಗುವ ಆ ಅಚ್ಚು ಅವಳದೇ ಕಲ್ಪನೆ.

2014ರ ಜೂನ್ ತಿಂಗಳು. ಅಬುಧಾಬಿಯ ಮರುಭೂಮಿಯಲ್ಲಿ, ಲಿವಾದ ದಕ್ಷಿಣಕ್ಕೆ, ಮರಳುದಿಬ್ಬಗಳ ಮಧ್ಯೆ, ಬೇಲಿ ಹಾಕಿದ ಒಂದು ಕಣಿವೆಯಲ್ಲಿ ಹನ್ನೆರಡು ಓರಿಕ್ಸ್‌ಗಳಿದ್ದವು. ಈಟಿಯಂಥ ಕೊಂಬಿನ ಬಿಳಿ ಜಿಂಕೆಗಳು. ಜೊತೆಗೆ ಮೂರು ಮರಿಗಳು. ಅವುಗಳ ನೀರಿನ ಪಂಪು ಸುಟ್ಟುಹೋಗಿತ್ತು. ತೊಟ್ಟಿಯಲ್ಲಿ ಉಳಿದದ್ದು ಒಂದು ದಿನದ ನೀರು. ಹೊಸ ಪಂಪನ್ನೂ ನಾನೂರು ಲೀಟರ್ ನೀರನ್ನೂ ಒಳಗೆ ಮುಟ್ಟಿಸಬೇಕು. ಆದರೆ ಮೋಜಿಗೆ ಬರುವ ಜೀಪುಗಳು ನುಗ್ಗಬಾರದೆಂದು ಬೇಲಿಯ ಗೇಟನ್ನು ಕಿರಿದಾಗಿ ಕಟ್ಟಿದ್ದರು. ಗೇಟಿನವರೆಗೆ ಅಗಲದ ಪಿಕಪ್, ಆಮೇಲೆ ಕಾವಲುಗಾರನ ಪುಟ್ಟ ಬಗ್ಗಿ ಗಾಡಿ.

ಮೆತ್ತನೆ ಮರಳಿನಲ್ಲಿ ಮುಂದಿನ ಗಾಡಿಯ ಚಕ್ರ ತುಳಿದ ಜಾಡಿನಲ್ಲೇ ಟ್ರೇಲರಿನ ಚಕ್ರವೂ ಉರುಳಬೇಕು. ಜಾಡು ತಪ್ಪಿದರೆ ಅದು ಚಕ್ರವಾಗಿ ಉಳಿಯುವುದಿಲ್ಲ, ನೇಗಿಲಾಗುತ್ತದೆ. ಬೇರೆ ಬೇರೆ ಅಗಲದ ಎರಡು ಗಾಡಿಗಳ ಹಿಂದೆ ಹೋಗಬಲ್ಲ ಟ್ರೇಲರ್ ಜಯಪಾಲನ ಶೆಡ್ಡಿನಲ್ಲಿ ಒಂದೇ ಇತ್ತು.

"ಯಲ್ಲಾ, ಹೊರಡುವ ವಾರಿಜಕ್ಕ," ಎಂದು ಹ್ಯೂಬರ್ಟ್ ಪಿಕಪ್ ಹತ್ತಿದ. ಮಂಗಳೂರಿನ ವೆಲ್ಡರ್. ಅಚ್ಚಿನ ಒಂದೊಂದು ಬೆಸುಗೆಯೂ ಅವನ ಕೈಯದು. "ಧಣಿಗಳು ಗೆರೆ ಎಳೆದಾಯ್ತು. ನನ್ನ ಬೆಸುಗೆಯ ಮೇಲೆ ಗೆರೆ ಎಳೆದವರಿಗೆ ಹೊಟ್ಟೆನೋವು ಬರ್ತದೆ."

"ಬಂದರೆ ಮಾತ್ರೆ ಉಂಟು," ಎಂದ ಜಯಪಾಲ. "ನೀವು ನೀರು ಕುಡೀತಾ ಇರಿ, ಇಬ್ಬರೂ."

ಬೆಳಗಿನ ಐದಕ್ಕೆ ಹೊರಟರು. ಅಬುಧಾಬಿ ದಾಟಿ ಮದೀನತ್ ಜಾಯೆದ್ ತಲುಪುವಷ್ಟರಲ್ಲಿ ಎಡಬಲದ ನೆಲ ಬಣ್ಣ ಬದಲಿಸಿತ್ತು. ಮೊದಲು ಬೂದಿ, ಆಮೇಲೆ ಹಾಲು ಕಡಿಮೆಯಾದ ಚಹಾ, ಲಿವಾ ಬಂದಾಗ ಸುಟ್ಟ ಹಂಚಿನ ಕೆಂಪು. ದಿಬ್ಬಗಳು ಒಂದರ ಹೆಗಲ ಮೇಲೆ ಒಂದು ಏರಿ ನಿಂತಿದ್ದವು. ಅವುಗಳ ಬುಡದಲ್ಲಿ, ಯಾರೋ ರಂಗೋಲಿ ಪುಡಿ ಚೆಲ್ಲಿ ಮರೆತುಹೋದ ಹಾಗೆ, ಉಪ್ಪುನೆಲದ ಬಿಳಿ ಬಟ್ಟಲುಗಳು. ಗಾಳಿ ಬೀಸಿದಾಗ ದಿಬ್ಬದ ನೆತ್ತಿಯಿಂದ ಮರಳು ಹೊಗೆಯಂತೆ ಏಳುತ್ತಿತ್ತು. ನೋಡಲು ಬಲು ಚಂದ. ಅದೇ ಮರಳು ಮುಂದೆ ತನಗೆ ಏನು ಮಾಡಲಿದೆ ಎಂದು ವಾರಿಜಾಕ್ಷಿಗೆ ಆಗ ಹೊಳೆಯಲಿಲ್ಲ.

ಅವಳು ಆ ಅಚ್ಚನ್ನು ಕಂಡುಹಿಡಿದದ್ದು ಅಲ್ ಕುಸೈಸ್‌ನ ತನ್ನ ಫ್ಲ್ಯಾಟಿನಲ್ಲಿ, ಬಟ್ಟೆ ಒಗೆಯುವಾಗ. ಚೌಕದ ದೊಡ್ಡ ಕೊಳವೆ, ಅದರೊಳಗೆ ಎರಡೂ ಬದಿಯಿಂದ ಮೇಜಿನ ಡ್ರಾಯರಿನಂತೆ ಜಾರುವ ಸಣ್ಣ ಕೊಳವೆ, ಅದರ ತುದಿಗೆ ಚಕ್ರ. ಅಲ್ಲಿಯವರೆಗೆ ಸುಲಭ. ಚಕ್ರ ಹಳ್ಳಕ್ಕೆ ಬಿದ್ದಾಗ ತಿರುಚಿಕೊಂಡು ಹೊಡೆತ ನುಂಗಿ, ಮತ್ತೆ ಬಿಡಿಸಿಕೊಳ್ಳುವ ಸ್ಪ್ರಿಂಗನ್ನು ಎಲ್ಲಿ ಇಡುವುದು? ಅದರ ಒಂದು ತುದಿಯನ್ನು ಅಚ್ಚಿನ ನಡುವಿಗೆ ಕಟ್ಟಿದರೆ, ಚಕ್ರವನ್ನು ಹೊರಗೆಳೆದಾಗೆಲ್ಲ ಸ್ಪ್ರಿಂಗು ಉದ್ದವಾಗಿ ಸಡಿಲವಾಗುತ್ತಿತ್ತು. ಒಂದು ಶುಕ್ರವಾರ ಅವಳೂ ಮಗಳು ಅಶ್ಮಿತಾಳೂ ಹಾಸಿಗೆಯ ಬಟ್ಟೆಯನ್ನು ಎರಡು ತುದಿ ಹಿಡಿದು ಹಿಂಡಿದರು. ಹಿಂಡಿದ್ದನ್ನು ಬಿಡದೆ ಹಾಗೆಯೇ ಬಾಲ್ಕನಿವರೆಗೆ ನಡೆದರು. ಇಬ್ಬರೂ ಜೊತೆಯಾಗಿ ಹೆಜ್ಜೆ ಹಾಕಿದ್ದರಿಂದ ತಿರುಚು ಒಂದಿಷ್ಟೂ ಬದಲಾಗಲಿಲ್ಲ. ವಾರಿಜಾಕ್ಷಿ ಒದ್ದೆ ಕೈಯಲ್ಲೇ ಪೆನ್ಸಿಲ್ ಹುಡುಕಿದಳು. ಸ್ಪ್ರಿಂಗಿನ ಎರಡೂ ತುದಿ ಸಣ್ಣ ಕೊಳವೆಯೊಳಗೇ ಇರಬೇಕು. ಚಕ್ರ ಎಲ್ಲಿಗೋ ಸ್ಪ್ರಿಂಗೂ ಅಲ್ಲಿಗೇ.

ಹನ್ನೊಂದು ಗಂಟೆಗೆ ಗೇಟು ಕಂಡಿತು. ಟೈರುಗಳ ಗಾಳಿ ಇಳಿಸಿ ಬಂದದ್ದರಿಂದ ಪಿಕಪ್ ಎಲ್ಲಿಯೂ ಹೂತಿರಲಿಲ್ಲ. ಅಗಲಕ್ಕೆ ಎಳೆದಿದ್ದ ಟ್ರೇಲರ್ ಜಾಡು ಬಿಡದೆ ಹಿಂಬಾಲಿಸಿತ್ತು.

ಬಗ್ಗಿಯ ನೆರಳಿನಿಂದ ಅಬ್ದುಲ್ ರವೂಫ್ ಎದ್ದು ಬಂದ. ಉಪ್ಪಿನಂಗಡಿಯವನು, ಹದಿನೆಂಟು ವರ್ಷಗಳಿಂದ ಈ ಬೇಲಿಯ ಕಾವಲು. "ತೊಟ್ಟಿ ಖಲಾಸ್, ಅಕ್ಕ. ಬೆಳಿಗ್ಗೆ ಮರಿಗಳು ತಳ ನೆಕ್ಕುತ್ತಾ ಇದ್ದವು. ಸೂರ್ಯ ಮುಳುಗುವ ಮೊದಲು ಮುಟ್ಟಬೇಕು. ಕತ್ತಲೆಯಲ್ಲಿ ದಿಬ್ಬದ ಅಂಚು ಎಲ್ಲಿ ಅಂತ ನನಗೂ ಕಾಣುದಿಲ್ಲ."

"ಹತ್ತು ನಿಮಿಷ," ಎಂದಳು ವಾರಿಜಾಕ್ಷಿ.

ಹ್ಯೂಬರ್ಟ್ ಜಾಕ್ ಇಟ್ಟು ಟ್ರೇಲರ್ ಎತ್ತಿದ. ಗೇಟಿಗೆ ಹಿಡಿಸುವಷ್ಟು ಕಿರಿದಾಗಲೆಂದು ಅವಳು ಕೊಳವೆಯ ಪಿನ್ ಎಳೆದು ಚಕ್ರವನ್ನು ಒಳಕ್ಕೆ ನೂಕಿದಳು. ಅದು ಅಲುಗಲಿಲ್ಲ.

ಮೂವರೂ ಸೇರಿ ನೂಕಿದರು. ಹ್ಯೂಬರ್ಟ್ ಸುತ್ತಿಗೆಯಿಂದ ಹೊಡೆದ. ಕರ್ರೆಂದು ಒಂದು ಬೆರಳಿನಷ್ಟು ಸರಿದು ಮತ್ತೆ ಕಚ್ಚಿಕೊಂಡಿತು.

ವಾರಿಜಾಕ್ಷಿ ಸಂದಿಗೆ ಬೆರಳು ಹಾಕಿದಳು. ಕಪ್ಪು ಗ್ರೀಸ್ ಬಂತು. ಹೆಬ್ಬೆರಳಲ್ಲಿ ಉಜ್ಜಿದಳು. ಸರಿಯಾಗಿ ರುಬ್ಬದ ಅಕ್ಕಿಹಿಟ್ಟಿನ ಹಾಗೆ ತರಿತರಿ.

ಮಲ್ಪೆಯಲ್ಲಿ ಅವಳ ಅಪ್ಪ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದರು. ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆಂದು ಎಲ್ಲದಕ್ಕೂ ಧಾರಾಳ ಗ್ರೀಸ್. ಆ ಅಭ್ಯಾಸದಲ್ಲೇ ಅವಳೂ ಡ್ರಾಯಿಂಗಿನ ಮೂಲೆಯಲ್ಲಿ ಬರೆದಿದ್ದಳು: ಒಳಕೊಳವೆಗೆ ಗ್ರೀಸ್ ತುಂಬುವುದು. ಅಲ್ ಕೂಜ್‌ನ ಸಿಮೆಂಟು ನೆಲದ ಮೇಲೆ ಕೊಳವೆ ಬೆಣ್ಣೆಯಂತೆ ಜಾರಿತ್ತು. ಇಲ್ಲಿ ಗ್ರೀಸ್ ದಾರಿಯುದ್ದಕ್ಕೂ ಮರಳನ್ನು ಬಾಚಿ ಬಾಚಿ ಒಳಗೆ ಕರೆದುಕೊಂಡಿತ್ತು.

"ನಾನು ಹಾಕಿದ್ದು ಹೆಚ್ಚಾಯ್ತೇನೋ," ಎಂದ ಹ್ಯೂಬರ್ಟ್ ಮೆಲ್ಲಗೆ.

"ನೀನು ಹಾಕಿದ್ದು ನಾನು ಬರೆದಷ್ಟೇ. ತಪ್ಪು ನಂದು. ಟಾರ್ಪಲ್ ಕಟ್ಟು. ಎರಡೂ ಬದಿ ಬಿಚ್ಚುವ."

"ಈಗಲಾ? ನಲವತ್ತೇಳು ಡಿಗ್ರಿ ಉಂಟು ಮಾರಾಯ್ತಿ."

"ಮರಿಗಳಿಗೂ ಅಷ್ಟೇ ಉಂಟು."

ಕಬ್ಬಿಣ ಮುಟ್ಟಿದರೆ ಚರ್ಮ ಬೇಯುತ್ತಿತ್ತು. ಕೈಗವಸಿನ ಮೇಲೆ ಒದ್ದೆ ಗೋಣಿ ಸುತ್ತಿಕೊಂಡು ಕೊಳವೆಗಳನ್ನು ಹೊರಗೆಳೆದರು. ಹ್ಯೂಬರ್ಟ್ ಡೀಸೆಲ್ ಸುರಿದು ತೊಳೆದ. ವಾರಿಜಾಕ್ಷಿ ತನ್ನ ದುಪಟ್ಟಾ ಹರಿದು ಒಳಗೆಲ್ಲ ಒರೆಸಿದಳು, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ. ಮೂರು ಗಂಟೆ ಹಿಡಿಯಿತು. ಮತ್ತೆ ಜೋಡಿಸಿದರೆ ಬರೀ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರುಚಿತು.

"ಜಾರಬೇಕು, ಆದರೆ ಅಂಟಬಾರದು," ಎಂದು ಅವಳು ತನಗೇ ಹೇಳಿಕೊಂಡಳು. "ಒಣಗಿದ್ದು ಏನಾದರೂ ಬೇಕು. ಪುಡಿ. ಹ್ಯೂಬರ್ಟ್, ನಿನ್ನ ಕೋಣೆಯಲ್ಲಿ ಶುಕ್ರವಾರ ಕೇರಂ ಆಡ್ತೀರಲ್ಲ, ಬೋರ್ಡಿಗೆ ಎಂತ ಹಾಕುದು?"

ಹ್ಯೂಬರ್ಟ್ ಪಿಕಪ್ಪಿನಿಂದ ತನ್ನ ಚೀಲ ತಂದ. ಕೇರಂ ಪುಡಿಯ ಬಿಳಿ ಡಬ್ಬಿ ತೆಗೆದ.

"ರವೂಫನ ಕ್ಯಾಂಪಿನಲ್ಲಿ ಬೋರ್ಡ್ ಉಂಟು, ಪುಡಿ ಇಲ್ಲ ಅಂದಿದ್ದ. ಇವತ್ತು ಇವನನ್ನು ಸೋಲಿಸಲಿಕ್ಕೆ ತಂದದ್ದು."

"ಹತ್ತು ಡಬ್ಬಿ ತಂದರೂ ನೀನು ಸೋಲುವವನೇ," ಎಂದ ರವೂಫ್.

ಪುಡಿಯನ್ನು ಕೊಳವೆಗೆ ಸವರಿದರು. ವಾರಿಜಾಕ್ಷಿ ಒಂದೇ ಅಂಗೈಯಿಂದ ನೂಕಿದಳು. ಕೊಳವೆ ಸುಂಯ್ ಎಂದು ಒಳಗೆ ಹೋಗಿ ತುದಿಗೆ ಟಕ್ಕೆಂದು ಬಡಿಯಿತು.

ಮೂರೂವರೆಗೆ ಟ್ರೇಲರ್ ಕಿರಿದಾಗಿ, ಬಗ್ಗಿಯ ಹಿಂದೆ ಗೇಟು ದಾಟಿತು. ಎರಡೂ ಕಡೆ ನಾಲ್ಕು ಬೆರಳು ಜಾಗ ಉಳಿದಿತ್ತು.

ಬಗ್ಗಿಯ ಜಾಡಿನಲ್ಲಿ ಟ್ರೇಲರ್ ಹಗುರಾಗಿ ಸಾಗಿತು. ಹಳ್ಳ ಬಂದಲ್ಲಿ ಸ್ಪ್ರಿಂಗು ತಿರುಚಿ ತೊಟ್ಟಿಲಿನಂತೆ ತೂಗಿ ಇಳಿಸುತ್ತಿತ್ತು. ಮೂರನೆಯ ದಿಬ್ಬದ ಬುಡದಲ್ಲಿ ರವೂಫ್ ಬ್ರೇಕ್ ಒತ್ತಿದ. ನಿನ್ನೆಯ ಗಾಳಿ ಹಳೆಯ ದಾರಿಯನ್ನು ಮುಚ್ಚಿಹಾಕಿತ್ತು. ಉಳಿದದ್ದು ದಿಬ್ಬದ ಓರೆಮೈ ಮಾತ್ರ.

"ಅಡ್ಡಕ್ಕೆ ಹೋಗಬೇಕು. ಮುನ್ನೂರು ಮೀಟರ್. ನಿಲ್ಲಿಸುವ ಹಾಗಿಲ್ಲ," ಎಂದ.

ನೂರು ಮೀಟರ್ ಸರಿಯಾಗಿಯೇ ಹೋಯಿತು.

ಆಮೇಲೆ ಕೆಳಬದಿಯ ಚಕ್ರ ಮರಳಿಗೆ ಇಳಿಯಿತು. ಟ್ರೇಲರಿನ ಮೇಲಿನ ನೀರಿನ ಟ್ಯಾಂಕು ವಾಲಿತು. ಮೇಲ್ಬದಿಯ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ಸುತ್ತತೊಡಗಿತು.

"ನಿಲ್ಲಿಸು ರವೂಫ್! ಅಲ್ಲೇ ಇರು!" ವಾರಿಜಾಕ್ಷಿ ಕೂಗಿದಳು.

ಹ್ಯೂಬರ್ಟ್ ಹಾರಿ ಇಳಿದು ಮೇಲ್ಬದಿಯಿಂದ ಟ್ಯಾಂಕಿನ ಹಗ್ಗಕ್ಕೆ ಜೋತುಬಿದ್ದ. ಟ್ರೇಲರ್ ತೂಗುತ್ತಾ ನಿಂತಿತು. ಒಳಗೆ ನೀರು ಗುಡುಗುಡು ಎನ್ನುತ್ತಿತ್ತು.

"ನಾನು ಎಂಬತ್ತೆರಡು ಕಿಲೋ," ಎಂದ ಅವನು ಹಲ್ಲುಕಚ್ಚಿ. "ಇವತ್ತಿಗೆ ಅದು ಸಾಲುದಿಲ್ಲ."

"ಸ್ಟೆಪ್ನಿ ಹೂಳು ರವೂಫ್, ಮೇಲ್ಗಡೆ. ಹಗ್ಗ ಅದಕ್ಕೆ ಕಟ್ಟು," ಎಂದಳು ವಾರಿಜಾಕ್ಷಿ.

ರವೂಫ್ ಹೆಚ್ಚುವರಿ ಚಕ್ರವನ್ನು ಇಳಿಸಿ, ಇಳಿಜಾರಿನ ಮೇಲೆ ಮೊಣಕಾಲುದ್ದ ಗುಂಡಿ ತೋಡಿ, ಹಗ್ಗ ಕಟ್ಟಿ ಹೂತು ತುಳಿದ. ಹಗ್ಗ ಬಿಗಿಯಾಯಿತು. ಹ್ಯೂಬರ್ಟ್ ಆದರೂ ಕೈ ಬಿಡಲಿಲ್ಲ.

ವಾರಿಜಾಕ್ಷಿ ಹಲಗೆಯ ಮೇಲೆ ಜಾಕ್ ಇಟ್ಟು ಕೆಳಬದಿಯನ್ನು ಎತ್ತಿದಳು. ಆ ಬದಿಯ ಚಕ್ರ ಅಗಲಕ್ಕೆ ಸರಿದರೆ ಟ್ರೇಲರ್ ಉರುಳದು. ಆದರೆ ಕೆಳಗಿಳಿದು ಅದನ್ನು ಎಳೆಯುವಂತಿಲ್ಲ. ಉರುಳಿದರೆ ನೇರ ಮೈಮೇಲೆ. ಅವಳು ಮೇಲ್ಬದಿಯಿಂದ ಟ್ರೇಲರಿನಡಿ ಬೆನ್ನ ಮೇಲೆ ಮಲಗಿದಳು. ಕೈ ಚಾಚಿ ಪಿನ್ ಎಳೆದಳು. ಎರಡೂ ಪಾದಗಳನ್ನು ಆಚೆಯ ಚಕ್ರದ ತೋಳಿಗೆ ಕೊಟ್ಟಳು.

ಕೊಳವೆ ಮತ್ತೆ ಕಚ್ಚಿಕೊಂಡರೆ ಈ ನೀರು ಮರಳಿಗೆ. ಈ ಅಚ್ಚು ಕಟ್ಟರಿಗೆ.

ಒದ್ದಳು.

ಸುಂಯ್.

ಚಕ್ರ ಅಷ್ಟಗಲ ಹೊರಗೆ ಸರಿದು ನಿಂತಿತು. ಅವಳು ಪಿನ್ ತೂರಿಸಿ, ಬಡಿದು, ಹೊರಗೆ ಹೊರಳಿದಳು. ಜಾಕ್ ಇಳಿಸಿದಾಗ ಟ್ಯಾಂಕು ನಿಧಾನವಾಗಿ ಎದ್ದು ಕುಳಿತಿತು. ಮೇಲ್ಬದಿಯ ಚಕ್ರ ನೆಲ ಮುಟ್ಟಿತು.

"ಕೈ ಬಿಡಬಹುದಾ?" ಹ್ಯೂಬರ್ಟ್ ಕೇಳಿದ.

"ಬಿಡು."

ಅವನು ಬಿಟ್ಟ. ಏನೂ ಆಗಲಿಲ್ಲ. ಅವನು ಮರಳಲ್ಲಿ ಕುಳಿತು ಅಂಗೈ ನೋಡಿಕೊಂಡು, "ಇವತ್ತು ಕೇರಂ ಮಾಫಿ, ಆಟ ಇಲ್ಲ," ಎಂದ.

ಉಳಿದ ದೂರ ಬಗ್ಗಿ ಏದುಸಿರು ಬಿಡುತ್ತಾ ಎಳೆಯಿತು. ಅಗಲದ ಚಕ್ರ ಜಾಡಿನ ಹೊರಗೆ ಮರಳನ್ನು ಉಳುತ್ತಿತ್ತು. ಆದರೆ ವಾಲಲಿಲ್ಲ. ಸೂರ್ಯ ದಿಬ್ಬದ ನೆತ್ತಿಗೆ ತಾಗುವಾಗ ಗಾಫ್ ಮರಗಳ ಕೆಳಗಿನ ತೊಟ್ಟಿ ಸಿಕ್ಕಿತು. ರವೂಫ್ ತೊಟ್ಟಿಗೆ ಪೈಪು ಇಳಿಬಿಟ್ಟು ಇಬ್ಬರನ್ನೂ ದೂರ ಕರೆದ. ಸ್ವಲ್ಪ ಹೊತ್ತಿಗೆ ಬಿಳಿ ಮೈಗಳು ಒಂದೊಂದಾಗಿ ಬಂದವು. ದೊಡ್ಡವು ಕೊಂಬು ಅಡ್ಡ ಮಾಡಿ ನಿಂತವು. ಮಣ್ಣುಬಣ್ಣದ ಮೂರು ಮರಿಗಳು ಅವುಗಳ ಕಾಲಿನ ನಡುವೆ ನುಗ್ಗಿ ಕುಡಿದವು. ವಾರಿಜಾಕ್ಷಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹದಿನೈದೂ ಇದ್ದವು.

ಮಾರನೆಯ ಬೆಳಿಗ್ಗೆ ಹೊಸ ಪಂಪು ಕೂರಿಸಿ, ಅಚ್ಚನ್ನು ಗೇಟಿನಲ್ಲಿ ಕಿರಿದಾಗಿಸಿ, ಪಿಕಪ್ಪಿಗೆ ಅಗಲವಾಗಿಸಿ ಹಿಂದಿರುಗಿದರು. ಸಿಗ್ನಲ್ ಸಿಕ್ಕಿದ ಕೂಡಲೇ ಮೊಬೈಲ್ ಬಡಿದುಕೊಂಡಿತು. ಅಶ್ಮಿತಾ.

"ಅಮ್ಮಾ, ಡಿಡ್ ಇಟ್ ಓಪನ್?"

"ಓಪನ್ ಆಯ್ತು ಪುಟ್ಟಾ. ಊಟ ಮಾಡಿದಿಯಾ?"

"ಯಾ. ಅಮ್ಮಾ, ವೈ ಆರ್ ಯು ಕ್ರೈಯಿಂಗ್?"

"ಮರಳು, ಕಣ್ಣಿಗೆ."

ಅಲ್ ಕೂಜ್‌ನಲ್ಲಿ ಜಯಪಾಲ ಶಟರಿನ ಬಳಿಯೇ ನಿಂತಿದ್ದ. ರವೂಫ್ ಫೋನಿನಲ್ಲಿ ಎಲ್ಲ ಹೇಳಿದ್ದನೆಂದು ಅವನ ಮುಖವೇ ಹೇಳುತ್ತಿತ್ತು. ಒದ್ದೆ ಬಟ್ಟೆ ಹಿಡಿದು ಟ್ರೇಲರಿನಡಿ ಬಗ್ಗಿದ. ಆ ಕಡೆ ನೋಡಿದ, ಈ ಕಡೆ ನೋಡಿದ.

"ಗೆರೆ ಎಲ್ಲಿ?"

"ಮರಳು ತಿಂದಿತು ಧಣಿ," ಎಂದ ಹ್ಯೂಬರ್ಟ್. "ಬಣ್ಣವನ್ನೂ ತಿಂದಿದೆ. ಬೆಸುಗೆ ಮಾತ್ರ ಬಿಟ್ಟಿದೆ."

ಜಯಪಾಲ ಬಟ್ಟೆಯಿಂದ ತನ್ನ ಕೈಯನ್ನೇ ಒರೆಸಿಕೊಂಡ. "ಇನ್ನೊಂದು ಮಾಡಲಿಕ್ಕೆ ಎಷ್ಟು ದಿನ ಬೇಕು ಅಕ್ಕ?"

ವಾರಿಜಾಕ್ಷಿ ಆಗಲೇ ಹಳೆಯ ಡ್ರಾಯಿಂಗ್ ಹರಡಿಕೊಂಡಿದ್ದಳು. ಮೂಲೆಯ ಸಾಲನ್ನು ಹೊಡೆದು ಹಾಕಿ, ಅದರ ಕೆಳಗೆ ಬರೆದಳು: ಗ್ರೀಸ್ ಬೇಡ. ಕೇರಂ ಪುಡಿ, ಒಂದು ಡಬ್ಬಿ.

"ಹೀಗೆ ಬರೆದರೆ ನೋಡಿದವರು ನಗುತ್ತಾರೆ," ಎಂದ ಜಯಪಾಲ.

"ನಗಲಿ," ಎಂದಳು ಅವಳು. 'ಒಂದು' ಎಂಬುದನ್ನು ಹೊಡೆದು 'ಎರಡು' ಎಂದು ತಿದ್ದಿದಳು. "ಇನ್ನೊಂದು ಹ್ಯೂಬರ್ಟನಿಗೆ ವಾಪಸ್ ಕೊಡಬೇಕು."